ನೋವಿಲ್ಲ ಅಂದರೆ ಬ್ಲೇಡು ಕೆಳಗಿಡಿ

ಕಾಫಿ ಕುಯ್ಲು ಮುಗಿಯುತ್ತಾ ಬಂದಂತೆ ಪ್ರತಿ ವರ್ಷ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಅಂಗಾಲಿನವೇ ಆಗಿರುತ್ತವೆ. ಈ ಸಲ ಒಂದಕ್ಕೆ ಉದ್ದವಾಗಿ ಉತ್ತರಿಸುತ್ತೇನೆ. ಇದನ್ನು ಕೇಳುವವರು ಸಾಮಾನ್ಯವಾಗಿ ವೈದ್ಯರ ಹತ್ತಿರ ಬರುವಷ್ಟರಲ್ಲಿ ತಡವಾಗಿರುತ್ತದೆ.

ಪ್ರಶ್ನೆ: ಅಮ್ಮನಿಗೆ 61 ವರ್ಷ. ಹೆಬ್ಬೆರಳಿನ ಬುಡದಲ್ಲಿ ಅಂಗಾಲಿನ ಚರ್ಮ ದಪ್ಪಗಟ್ಟಿದೆ. ಹದಿನೈದು ದಿನಕ್ಕೊಮ್ಮೆ ಬಿಸಿನೀರಲ್ಲಿ ಕಾಲು ನೆನೆಸಿ, ಹೊಸ ಬ್ಲೇಡಿನಿಂದ ನಾನೇ ಕೆತ್ತಿ ತೆಗೆಯುತ್ತೇನೆ. ಅವರಿಗೆ ಚೂರೂ ನೋವಾಗುವುದಿಲ್ಲ. ಆದರೂ ಮತ್ತೆ ಬೆಳೆಯುತ್ತದೆ. ಸ್ವಲ್ಪ ಶುಗರ್ ಇದೆ, ಮಾತ್ರೆ ತಗೊಳ್ತಾರೆ. ಪೂರ್ತಿ ಹೋಗಲು ಏನು ಮಾಡಬೇಕು? (ಸಿದ್ದಾಪುರದ ಓದುಗರೊಬ್ಬರು)

ಬ್ಲೇಡು ಇವತ್ತೇ ಬಿಡಿ. ‘ಚೂರೂ ನೋವಾಗುವುದಿಲ್ಲ’ ಎಂದು ನೀವು ಸಮಾಧಾನದಿಂದ ಬರೆದಿದ್ದೀರಿ, ನನಗೆ ಭಯವಾದದ್ದು ಅದನ್ನು ಓದಿಯೇ. ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇದ್ದವರ ಪಾದದಲ್ಲಿ ನರಗಳು ಮಂಕಾಗಬಹುದು. ಆಗ ಕಲ್ಲು ಚುಚ್ಚಿದರೂ ಗೊತ್ತಾಗುವುದಿಲ್ಲ, ಬ್ಲೇಡು ಆಳಕ್ಕೆ ಇಳಿದರೂ ಗೊತ್ತಾಗುವುದಿಲ್ಲ. ‘ಸ್ವಲ್ಪ ಶುಗರ್’ ಎಂದು ಹೇಳಿಕೊಂಡು ಬಂದವರ ಬೆರಳು ತೆಗೆಯಬೇಕಾಗಿ ಬಂದದ್ದನ್ನು ನಾನು ಕಂಡಿದ್ದೇನೆ. ಶುರುವಾದದ್ದು ಹೀಗೇ, ಮನೆಯಲ್ಲಿ ಕೆತ್ತಿದ ಒಂದು ಗೀರಿನಿಂದ.

ನರ ಮಂಕಾಗಿದೆಯೇ ಎಂದು ನೀವೇ ನೋಡಬಹುದು. ಅಮ್ಮ ಕಣ್ಣು ಮುಚ್ಚಿ ಮಲಗಿರಲಿ. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಗೆ ನಿಮ್ಮ ತೋರುಬೆರಳನ್ನು ಒಂದೆರಡು ಸೆಕೆಂಡು ಹಗುರವಾಗಿ ತಾಗಿಸಿ. ಒತ್ತಬೇಡಿ, ತಟ್ಟಬೇಡಿ. ಮುಟ್ಟಿದ್ದು ಗೊತ್ತಾದಾಗ ಅವರು ಹೇಳಲಿ. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಸ್ಪರ್ಶ ಕಡಿಮೆಯಾಗಿದೆ ಎಂದೇ ತಿಳಿಯಿರಿ. ಎಲ್ಲವೂ ಗೊತ್ತಾದರೂ ಸರಿಯೇ, ಸಕ್ಕರೆ ಇರುವವರ ಕಾಲಿಗೆ ಮನೆಯಲ್ಲಿ ಬ್ಲೇಡು ಬೇಡ.

ಇನ್ನು, ಮತ್ತೆ ಯಾಕೆ ಬೆಳೆಯುತ್ತದೆ? ಗಟ್ಟಿ ಚರ್ಮ ಕೊಳೆಯಲ್ಲ, ಸತ್ತ ಕಸವೂ ಅಲ್ಲ. ಒಂದೇ ಜಾಗಕ್ಕೆ ದಿನವೂ ಒತ್ತಡ, ಉಜ್ಜಾಟ ಬಿದ್ದಾಗ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ದಪ್ಪವಾಗುತ್ತದೆ. ಒತ್ತಡ ಹಾಗೇ ಇಟ್ಟು ಚರ್ಮ ಮಾತ್ರ ಕೆತ್ತಿದರೆ ಅದು ಇನ್ನೊಮ್ಮೆ ಕಟ್ಟಿಕೊಳ್ಳುತ್ತದೆ. ಹಾಗೆಂದು ಬಿಟ್ಟುಬಿಡುವಂತೆಯೂ ಇಲ್ಲ, ಯಾಕೆಂದರೆ ತೀರಾ ದಪ್ಪವಾದ ಪದರ ಬೂಟಿನೊಳಗಿನ ಕಲ್ಲಿನಂತೆ ಕೆಳಗಿನ ಮಾಂಸವನ್ನು ಒತ್ತುತ್ತದೆ. ಕೆಲವರಲ್ಲಿ ಮೇಲೆ ಒಣಗಿದ ಗಟ್ಟಿ ಚರ್ಮ, ತೆಗೆದು ನೋಡಿದರೆ ಕೆಳಗೆ ಕೀವು. ಗಟ್ಟಿ ಚರ್ಮದ ನಡುವೆ ಕಪ್ಪು ಅಥವಾ ಕೆಂಪು ಕಲೆ ಕಂಡರೆ ಒಳಗೆ ರಕ್ತ ಕಟ್ಟಿರಬಹುದು. ಅದೇ ವಾರ ತೋರಿಸಿ. ಊತ, ಬಿಸಿ, ವಾಸನೆ, ಜ್ವರ ಇದ್ದರೆ ಅದೇ ದಿನ.

ಅಮ್ಮನ ಆ ಚರ್ಮವನ್ನು ಆಸ್ಪತ್ರೆಯಲ್ಲಿ ತೆಗೆಸಿ. ಸವೆದ ಹವಾಯಿ ಚಪ್ಪಲಿ ಬದಲಿಸಿ, ಹಿಂದೆ ಪಟ್ಟಿ ಇರುವ ಎಂ.ಸಿ.ಆರ್. (ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ) ಚಪ್ಪಲಿ ಕೊಡಿಸಿ, ಮನೆಯೊಳಗೂ ಅದು ಕಾಲಲ್ಲಿರಲಿ. ಬರಿಗಾಲಲ್ಲಿ ಕಾಫಿ ಕಣಕ್ಕೆ ಇಳಿಯುವುದು ಬೇಡ. ಮಧ್ಯಾಹ್ನದ ಸಿಮೆಂಟು ಕಣ ಸುಟ್ಟದ್ದು ಮಂಕಾದ ಕಾಲಿಗೆ ತಿಳಿಯದು. ಚಳಿಗೆ ಒಲೆ ಮುಂದೆ ಪಾದ ಚಾಚಿ ಕೂರುವುದನ್ನೂ, ಹಂಡೆಯ ಬಿಸಿನೀರಲ್ಲಿ ಕಾಲು ನೆನೆಸುವುದನ್ನೂ ನಿಲ್ಲಿಸಿ. ಸ್ನಾನದ ನೀರಿನ ಬಿಸಿಯನ್ನು ಅವರ ಕಾಲಿನಿಂದಲ್ಲ, ನಿಮ್ಮ ಮೊಣಕೈಯಿಂದ ನೋಡಿ. ರಾತ್ರಿ ಮಲಗುವ ಮುಂಚೆ ಅಂಗಾಲನ್ನು ನೀವೇ ಒಮ್ಮೆ ನೋಡಿ, ಬೆರಳ ಸಂದು ಬಿಟ್ಟು ಕ್ರೀಮು ಹಚ್ಚಿ.

ಸಕ್ಕರೆ ಇಲ್ಲದ, ಪಾದದ ರಕ್ತಸಂಚಾರವೂ ಸ್ಪರ್ಶವೂ ಸರಿ ಇರುವವರು ಮಾತ್ರ ಮುಂದಿನದ್ದನ್ನು ಮನೆಯಲ್ಲಿ ಮಾಡಿ. ಉಗುರುಬೆಚ್ಚಗಿನ ನೀರಲ್ಲಿ ಐದರಿಂದ ಹತ್ತು ನಿಮಿಷ ಕಾಲು ಇಟ್ಟು, ಉಜ್ಜುವ ಕಲ್ಲಿನಿಂದ ಹಗುರವಾಗಿ ಉಜ್ಜಿ. ಚರ್ಮ ಕೆಂಪಾಗುವ ಮುಂಚೆಯೇ ನಿಲ್ಲಿಸಿ, ವಾರಕ್ಕೆ ಎರಡು ಸಲ ಸಾಕು. ಒಂದೇ ದಿನ ನುಣ್ಣಗೆ ಮಾಡುವ ಹಟ ಬೇಡ, ಸ್ವಲ್ಪ ದಪ್ಪ ಉಳಿಯಲೇಬೇಕು. ಒರೆಸಿದ ಕೂಡಲೇ ಶೇಕಡಾ 10 ಯೂರಿಯಾ ಇರುವ ಕ್ರೀಮು ಹಚ್ಚಿ, ತುಂಬಾ ದಪ್ಪವಿದ್ದರೆ 20ರಿಂದ 25ರದ್ದು. ರಕ್ತ ಬರುವ ಬಿರುಕಿಗೆ ಇದು ಉರಿಯುತ್ತದೆ, ಅಲ್ಲಿಗೆ ಮಾಯುವ ತನಕ ವ್ಯಾಸಲೀನೇ ಇರಲಿ. ಯೂರಿಯಾ ಎಂದ ಮೇಲೆ ಒಂದು ಮಾತು: ತೋಟಕ್ಕೆ ಹಾಕುವ ಗೊಬ್ಬರವನ್ನು ಕರಗಿಸಿ ಹಚ್ಚಬೇಡಿ. ಅದು ಚರ್ಮಕ್ಕೆಂದು ಶುದ್ಧ ಮಾಡಿದ್ದಲ್ಲ.

ಪ್ರಶ್ನೆ: ಸಂತೆಯಲ್ಲಿ ಒಬ್ಬರು ಕಾಲಾಣಿಯ ಬೇರನ್ನೇ ಹೊರತೆಗೆದು ಕೈಯಲ್ಲಿ ತೋರಿಸುತ್ತಾರೆ. ಮಾಡಿಸಬಹುದಾ?

ಬೇಡವೇ ಬೇಡ. ಆಣಿಗೆ ಬೇರಿಲ್ಲ. ಒತ್ತಡಕ್ಕೆ ಸಿಕ್ಕ ಚರ್ಮ ಮೊಳೆಯಂತೆ ಒಳಮುಖವಾಗಿ ಗಟ್ಟಿಯಾದದ್ದೇ ಆಣಿ. ಬೇರು ತೋರಿಸುವವರು ನಿಮ್ಮ ನಂಬಿಕೆಯನ್ನು ಮಾರುತ್ತಿದ್ದಾರೆ. ಒಬ್ಬರ ಕಾಲಿಗೆ ಹಾಕಿದ ಚಾಕು ಇನ್ನೊಬ್ಬರ ಕಾಲಿಗೆ ಹೋಗುವಾಗ ಕುದಿಯುವುದೂ ಇಲ್ಲ. ಇನ್ನೊಂದು ವಿಷಯ, ನೀವು ಆಣಿ ಎಂದುಕೊಂಡದ್ದು ನರುಳ್ಳೆಯೂ (ನರಹುಲಿ) ಇರಬಹುದು. ನೇರ ಒತ್ತಿದರೆ ನೋವಾಗುವುದು ಆಣಿ. ಎರಡು ಬದಿಯಿಂದ ಚಿವುಟಿದರೆ ನೋವು, ಮೇಲೆ ಸಣ್ಣ ಕಪ್ಪು ಚುಕ್ಕಿ, ಚರ್ಮದ ಗೆರೆಗಳು ಅಲ್ಲಿಗೇ ನಿಂತಿವೆ ಎಂದರೆ ನರುಳ್ಳೆ. ಅದು ವೈರಸ್ಸಿನದ್ದು. ಕೆತ್ತಿದರೆ ಹರಡುತ್ತದೆ.

ಪ್ರಶ್ನೆ: ಹಿಮ್ಮಡಿ ಒಡಕಿಗೆ ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿರಸ) ಹಚ್ಚಬಹುದಾ? ಘಟ್ಟದ ಕೆಳಗಿನ ನೆಂಟರು ಗೇರುಬೀಜದ ಸಿಪ್ಪೆ ಎಣ್ಣೆ ಒಳ್ಳೆಯದೆನ್ನುತ್ತಾರೆ.

ಕಾಚಂಪುಳಿ ಹುಳಿ. ಒಡಕಿನೊಳಗೆ ಸುಡುತ್ತದೆ, ಬೇಡ. ಗೇರು ಸಿಪ್ಪೆಯ ಎಣ್ಣೆ ಇನ್ನೂ ಕೆಟ್ಟದ್ದು. ಚರ್ಮ ಬೊಬ್ಬೆ ಏಳುತ್ತದೆ, ಆಮೇಲೆ ಆ ಬೊಬ್ಬೆಗೂ ಮದ್ದು ಮಾಡಬೇಕು.

ಪ್ರಶ್ನೆ: ಮೆಡಿಕಲ್ ಶಾಪಿನ ಆಣಿ ಪಟ್ಟಿ?

ಅದರಲ್ಲಿರುವುದು ಸ್ಯಾಲಿಸಿಲಿಕ್ ಆಮ್ಲ. ಒಳ್ಳೆಯ ಚರ್ಮಕ್ಕೆ ತಾಗಿದರೆ ಅದನ್ನೂ ತಿನ್ನುತ್ತದೆ. ಸಕ್ಕರೆ ಇರುವವರು ಮುಟ್ಟಬಾರದು.

ಪ್ರಶ್ನೆ: ಮಳೆಗಾಲವಿಡೀ ಗಂಬೂಟು ಹಾಕಿ ಅಂಗಾಲು ಬೆಳ್ಳಗಾಗಿ, ತೂತು ತೂತಾಗಿ, ನಾರುತ್ತದೆ. ಎಷ್ಟು ಉಜ್ಜಬೇಕು?

ಉಜ್ಜಲೇಬೇಡಿ. ಅದು ಗಟ್ಟಿ ಚರ್ಮವಲ್ಲ, ಒದ್ದೆಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಕೊರೆದ ಗುಳಿಗಳು. ಹಚ್ಚುವ ಆಂಟಿಬಯಾಟಿಕ್ ಬರೆಸಿಕೊಳ್ಳಿ. ಎರಡು ಜೊತೆ ಕಾಲುಚೀಲ ಇಟ್ಟುಕೊಂಡು ಮಧ್ಯಾಹ್ನ ಬದಲಿಸಿ, ಸಂಜೆ ಬೂಟನ್ನು ಬೋರಲು ಹಾಕಿ ಒಣಗಿಸಿ. ಒಂದೇ ಕಾಲು ಒಣಗಿ ಪುಡಿ ಉದುರುತ್ತಿದ್ದರೆ ಅದು ಹೆಚ್ಚಾಗಿ ಫಂಗಸ್, ಅದರ ಮದ್ದೇ ಬೇರೆ.