ಹಳೆಯ ಕಾಲದ ಬೀದಿದೀಪಗಳ ಕಂಬ ಮತ್ತು ಗಾಜಿನ ಗೂಡನ್ನು ಹಾಗೆಯೇ ಉಳಿಸಿಕೊಂಡು ಎಲ್‌ಇಡಿ ಅಳವಡಿಸಬಹುದೇ?

ಖಂಡಿತ ಅಳವಡಿಸಬಹುದು. ಆದರೆ ಸೋಡಿಯಂ ದೀಪಕ್ಕೆಂದು ಒಳಗೆ ಜೋಡಿಸಿರುವ ಚೋಕ್ ಮತ್ತು ದೀಪವನ್ನು ಹೊತ್ತಿಸುವ ಇಗ್ನೈಟರ್‌ಗಳನ್ನು ಕಳಚಿ, ವಿದ್ಯುತ್ ಸರಬರಾಜಿಗೆ ನೇರವಾಗಿ ಜೋಡಿಸಲೆಂದೇ ತಯಾರಾದ ಎಲ್‌ಇಡಿಯನ್ನು ಹಾಕಬೇಕು. ಇಗ್ನೈಟರ್ ಹೊಮ್ಮಿಸುವ ಸಾವಿರಾರು ವೋಲ್ಟ್‌ಗಳ ಮಿಡಿತವು ಎಲ್‌ಇಡಿಯ ಡ್ರೈವರನ್ನು (ಅದಕ್ಕೆ ತಕ್ಕ ವಿದ್ಯುತ್ತನ್ನು ಒದಗಿಸುವ ಘಟಕವನ್ನು) ಸುಟ್ಟುಬಿಡಬಲ್ಲದು, ಚೋಕ್ ಉಳಿದರೆ ಅದು ವಿದ್ಯುತ್ತನ್ನು ವ್ಯರ್ಥ ಮಾಡುತ್ತಲೇ ಇರುತ್ತದೆ.

ಹಲವರು ಕಡೆಗಣಿಸುವ ಸಂಗತಿಯೆಂದರೆ ಶಾಖ. ಸೋಡಿಯಂ ದೀಪವು ಬಿಸಿಯಲ್ಲಿಯೇ ಕೆಲಸ ಮಾಡುವಂಥದ್ದು; ಎಲ್‌ಇಡಿಯಾದರೋ ಗಾಳಿಯಾಡದ ಗೂಡಿನಲ್ಲಿ ಬೇಗನೆ ಮಂಕಾಗುತ್ತದೆ, ಅದರ ಡ್ರೈವರ್‌ ಅದಕ್ಕೂ ಮೊದಲೇ ಕೆಡಬಹುದು. ಆದ್ದರಿಂದ ಮುಚ್ಚಿದ ಗೂಡಿಗೆ ತಕ್ಕುದೆಂದು ತಯಾರಕರು ನಮೂದಿಸಿರುವ ದೀಪವನ್ನೋ, ಶಾಖವನ್ನು ಗೂಡಿನ ಲೋಹದ ಮುಚ್ಚಳಕ್ಕೆ ದಾಟಿಸುವ ಎಲ್‌ಇಡಿ ಫಲಕವನ್ನೋ ಆರಿಸಬೇಕು.

ಬೆಳಕಿನ ಬಣ್ಣ 2700 ಕೆಲ್ವಿನ್ ಮೀರದಿರಲಿ; ಈ ಅಂಕಿ ಕಡಿಮೆಯಿದ್ದಷ್ಟೂ ಬೆಳಕು ಹಳದಿಯಾಗಿರುತ್ತದೆ. 4000 ಕೆಲ್ವಿನ್‌ನ ಬಿಳಿ ಬೆಳಕು ಇಂತಹ ದೀಪಗಳ ಚೆಲುವನ್ನೇ ಕೆಡಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕಂಬ ಲೋಹದ್ದಾಗಿದ್ದರೆ ಅರ್ಥಿಂಗ್ ಅನ್ನೂ ಇದೇ ಸಂದರ್ಭದಲ್ಲಿ ಪರೀಕ್ಷಿಸಿಕೊಳ್ಳಿ.