ಮಗನಿಗೆ ಪದೇ ಪದೇ ನ್ಯುಮೋನಿಯಾ: ಟಾನಿಕ್ ಸಾಕೇ?

ಪ್ರಶ್ನೆ: ನನ್ನ ಮಗನಿಗೆ ಎರಡೂವರೆ ವರ್ಷ, ತೂಕ 12 ಕಿಲೋ. ಏಳು ತಿಂಗಳು ತುಂಬುವವರೆಗೆ ಆರೋಗ್ಯವಾಗಿದ್ದ. ಆಮೇಲೆ ಮೂರು ಸಲ ನ್ಯುಮೋನಿಯಾಕ್ಕೆಂದು ಆಸ್ಪತ್ರೆಗೆ ಸೇರಿಸಿದ್ದೇವೆ. ಕಿವಿ ಸೋರುವುದು ನಿಂತೇ ಇಲ್ಲ. ನನ್ನ ಅಣ್ಣನೊಬ್ಬ ಒಂದೂವರೆ ವರ್ಷದವನಿದ್ದಾಗ ಹೀಗೆಯೇ ಕಫ ಕಟ್ಟಿ ತೀರಿಕೊಂಡನಂತೆ. ನಮ್ಮದು ಸಂಬಂಧದಲ್ಲಿ ಆದ ಮದುವೆಯಲ್ಲ. ರೋಗನಿರೋಧಕ ಶಕ್ತಿಗೆ ಟಾನಿಕ್ ಕೊಡಬಹುದೇ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ಟಾನಿಕ್‌ನಿಂದ ಪ್ರಯೋಜನವಿಲ್ಲ, ಕಾಲಹರಣವಷ್ಟೇ. ಗರ್ಭದಲ್ಲಿದ್ದಾಗ ತಾಯಿಯಿಂದ ಬಂದ, ಸೋಂಕನ್ನು ತಡೆಯುವ ಪ್ರತಿಕಾಯಗಳು ಆರು ತಿಂಗಳ ಹೊತ್ತಿಗೆ ಕರಗುತ್ತವೆ; ಸೋಂಕು ಆ ಬಳಿಕವೇ ಶುರುವಾಗಿದೆ, ಸೋದರಮಾವನೂ ಹಾಗೆಯೇ ತೀರಿಕೊಂಡಿದ್ದಾನೆ ಎಂದರೆ, ತಾಯಿಯ ಎಕ್ಸ್ ವರ್ಣತಂತುವಿನ ಮೂಲಕ ಗಂಡುಮಕ್ಕಳಿಗೆ ಬರುವ ಅಗಾಮಾಗ್ಲಾಬ್ಯುಲಿನೀಮಿಯಾವನ್ನು ಮೊದಲು ಶಂಕಿಸಬೇಕು. ಇದಕ್ಕೆ ರಕ್ತಸಂಬಂಧದ ಮದುವೆಯೇ ಆಗಿರಬೇಕೆಂದಿಲ್ಲ. ಬಿಟಿಕೆ ಎಂಬ ಜೀನ್‌ನ ದೋಷದಿಂದ ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳಾದ ಬಿ ಕಣಗಳು ಬೆಳೆಯುವುದಿಲ್ಲ, ಪ್ರತಿಕಾಯಗಳು ತಯಾರಾಗುವುದಿಲ್ಲ.

ವೈದ್ಯರು ಬಾಯಿ ತೆರೆಸಿ ಟಾರ್ಚ್ ಹಿಡಿದು ನೋಡಲಿ. ಇಷ್ಟೊಂದು ಸೋಂಕು ಕಂಡ ಮಗುವಿನ ಟಾನ್ಸಿಲ್ ಊದಿಕೊಂಡಿರಬೇಕು. ಈ ಕಾಯಿಲೆಯಲ್ಲಿ ಅದು ಇದ್ದೂ ಇಲ್ಲದಂತಿರುತ್ತದೆ. ಹಳೆಯ ಲಿವರ್ ಪರೀಕ್ಷೆಯ ವರದಿಯಿದ್ದರೆ ಅದರಲ್ಲಿ ಗ್ಲಾಬ್ಯುಲಿನ್ (ಪ್ರತಿಕಾಯಗಳೂ ಸೇರಿರುವ ಪ್ರೋಟೀನ್) ಎಂಬ ಸಾಲನ್ನೂ ಗಮನಿಸಿ. ಯಾರೂ ಕಣ್ಣು ಹಾಯಿಸದ ಆ ಅಂಕಿ ಡೆಸಿಲೀಟರ್‌ಗೆ 2 ಗ್ರಾಂಗಿಂತ ಕಡಿಮೆಯಿದ್ದರೆ ಅದೇ ಒಂದು ಸುಳಿವು. ಸಾಮಾನ್ಯ ರಕ್ತಪರೀಕ್ಷೆ ಸರಿಯಾಗಿದೆ ಎಂದು ಮಾತ್ರ ಸಮಾಧಾನಪಡಬೇಡಿ, ಏಕೆಂದರೆ ಇನ್ನೊಂದು ಬಗೆಯ ಬಿಳಿ ರಕ್ತಕಣಗಳಾದ ಟಿ ಕಣಗಳು ಸಾಕಷ್ಟಿರುವುದರಿಂದ, ಬಿ ಮತ್ತು ಟಿ ಕಣಗಳೆರಡೂ ಸೇರಿದ ಲಿಂಫೋಸೈಟ್‌ಗಳ ಒಟ್ಟು ಎಣಿಕೆ ಇಲ್ಲಿ ಸಹಜವಾಗಿಯೇ ಕಾಣಬಹುದು. ಐಜಿಜಿ, ಐಜಿಎ, ಐಜಿಎಂ ಎಂಬ ಪ್ರತಿಕಾಯಗಳ ಪ್ರಮಾಣ, ಫ್ಲೋ ಸೈಟೋಮೆಟ್ರಿಯಲ್ಲಿ (ರಕ್ತಕಣಗಳನ್ನು ಬಗೆಬಗೆಯಾಗಿ ಎಣಿಸುವ ಪರೀಕ್ಷೆ) ಬಿ ಕಣಗಳ ಎಣಿಕೆ, ಕೊನೆಗೆ ಜೀನ್ ಪರೀಕ್ಷೆ, ಈ ಕ್ರಮದಲ್ಲಿ ರೋಗ ಖಚಿತವಾಗುತ್ತದೆ.

ಖಚಿತವಾದರೆ ಇಲ್ಲದ ಪ್ರತಿಕಾಯವನ್ನು ಹೊರಗಿನಿಂದ ತುಂಬಿಕೊಡುವುದೇ ಚಿಕಿತ್ಸೆ. ಅಮೆರಿಕದ ಸೇನಾ ವೈದ್ಯ ಬ್ರೂಟನ್ 1952ರಲ್ಲಿ ಎಂಟು ವರ್ಷದ ಹುಡುಗನೊಬ್ಬನಲ್ಲಿ ಈ ರೋಗವನ್ನು ವಿವರಿಸಿ ಪ್ರತಿಕಾಯಗಳಿರುವ ಗಾಮಾ ಗ್ಲಾಬ್ಯುಲಿನ್ ಚುಚ್ಚುಮದ್ದು ಕೊಟ್ಟ ಕಾಲದಿಂದ ಸೂತ್ರ ಬದಲಾಗಿಲ್ಲ. ಇಂದು ಸಾಮಾನ್ಯವಾಗಿ ಕಿಲೋಗೆ 400ರಿಂದ 600 ಮಿಲಿಗ್ರಾಂ, ಅಂದರೆ ನಿಮ್ಮ ಮಗನಿಗೆ ಸುಮಾರು 5ರಿಂದ 7 ಗ್ರಾಂ ಇಮ್ಯುನೋಗ್ಲಾಬ್ಯುಲಿನ್ (ಪ್ರತಿಕಾಯಗಳ ದ್ರಾವಣ) ಅನ್ನು ಮೂರು ನಾಲ್ಕು ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುತ್ತಾರೆ. ಖರ್ಚು ಕಡಿಮೆಯದಲ್ಲ, ಚಿಕಿತ್ಸೆ ಜೀವನಪರ್ಯಂತ. ಆದರೂ ತಡಮಾಡಿದರೆ ಶ್ವಾಸನಾಳಗಳು ಶಾಶ್ವತವಾಗಿ ಹಿಗ್ಗಿ ಹಾಳಾಗುತ್ತವೆ. ಆ ಹಾನಿಯನ್ನು ಮತ್ತೆ ಸರಿಪಡಿಸಲಾಗದು.

ಪರೀಕ್ಷೆಯ ಫಲ ಬರುವವರೆಗೆ ಮಗನಿಗೂ ಮನೆಯ ಇತರ ಮಕ್ಕಳಿಗೂ ಬಾಯಿಗೆ ಹಾಕುವ ಪೋಲಿಯೋ ಹನಿ ಬೇಡ. ಅದರಲ್ಲಿರುವುದು ಜೀವಂತ ವೈರಸ್, ಹನಿ ಹಾಕಿಸಿಕೊಂಡ ಮಕ್ಕಳಿಂದ ಇವನಿಗೂ ಹರಡಬಹುದು; ಪ್ರತಿಕಾಯವಿಲ್ಲದ ಮಗುವಿನಲ್ಲಿ ಅದರಿಂದಲೇ ಪಾರ್ಶ್ವವಾಯು ಬರಬಹುದು. ಇತರ ಮಕ್ಕಳಿಗೆ ಪೋಲಿಯೋ ಚುಚ್ಚುಮದ್ದು ಹಾಕಿಸಬಹುದು.

ಜೀನ್ ವರದಿಯನ್ನು ಜೋಪಾನವಾಗಿಡಿ. ನೀವು ವಾಹಕರಾಗಿದ್ದರೆ, ಅಂದರೆ ರೋಗವಿಲ್ಲದೆಯೂ ದೋಷದ ಜೀನ್ ನಿಮ್ಮಲ್ಲಿದ್ದರೆ, ಮುಂದೆ ಹುಟ್ಟುವ ಪ್ರತಿ ಗಂಡುಮಗುವಿಗೂ ಈ ರೋಗ ಬರುವ ಸಂಭವ ಅರ್ಧಕ್ಕರ್ಧ. ದೋಷ ಯಾವುದೆಂದು ಮೊದಲೇ ಗೊತ್ತಿದ್ದರೆ ಮಾತ್ರ ಗರ್ಭದಲ್ಲೇ ಪರೀಕ್ಷಿಸಲು ಸಾಧ್ಯ. ನಿಮಗೆ ಅಕ್ಕತಂಗಿಯರಿದ್ದರೆ ಅವರೂ ವಾಹಕರಾಗಿರಬಹುದು, ಅವರಿಗೂ ಈ ವಿಷಯ ತಿಳಿಸಿ.