ಪುಣೆಯಿಂದ ಮಡಗಾಂವಿಗೆ: ಮನೆಯ ಲೆಕ್ಕ

ಪುಣೆಯ ಫ್ಲ್ಯಾಟ್ ಮಾರಿ ಗೋವಾದ ಮಡಗಾಂವಿನಲ್ಲಿ ಎರಡು ಬೆಡ್‌ರೂಮಿನ ಮನೆ ಕೊಂಡರೆ ಎಷ್ಟು ಉಳಿಯುತ್ತದೆ ಎಂದು ಕೇಳಿದ್ದೀರಿ. ಮೊದಲು ಎರಡೂ ಕಡೆಯ ದರವನ್ನು ಕಾರ್ಪೆಟ್ ಏರಿಯಾಕ್ಕೆ, ಅಂದರೆ ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗಕ್ಕೆ ಇಳಿಸಿ. ಬ್ರೋಕರ್ 1,000 ಚದರ ಅಡಿ, ಅಡಿಗೆ 7,000 ಎಂದ ಅಂತಿಟ್ಟುಕೊಳ್ಳಿ. ಒಳಗೆ ಟೇಪ್ ಹಿಡಿದರೆ 700 ಅಡಿ ಸಿಕ್ಕೀತು. ಆಗ ನಿಜವಾದ ದರ 10,000.

ಬಜೆಟ್ ಎಡವುವುದು ನೋಂದಣಿಯಲ್ಲಿ. ಮಹಾರಾಷ್ಟ್ರದಲ್ಲಿ ನೋಂದಣಿ ಶುಲ್ಕ 30,000 ರೂಪಾಯಿಗೆ ನಿಲ್ಲುತ್ತದೆ. ಗೋವಾದಲ್ಲಿ ಆ ಮಿತಿ ಇಲ್ಲ, ಬೆಲೆಯ ಮೇಲೆ ಶೇಕಡಾವಾರು ಕಟ್ಟಬೇಕು. ಸ್ಟ್ಯಾಂಪ್ ಡ್ಯೂಟಿ ಬೇರೆ. ಮಾರುವವರು ಗೋವಾದವರಾದರೆ ಗಂಡ ಹೆಂಡತಿ ಇಬ್ಬರ ಸಹಿಯೂ ಬೇಕು, ಅಲ್ಲಿನ ಸಿವಿಲ್ ಕೋಡ್‌ನಲ್ಲಿ ಆಸ್ತಿ ಸಾಮಾನ್ಯವಾಗಿ ಜಂಟಿ. ಜಾಗದ ಕನ್ವರ್ಷನ್ ಸನದ್ (ಕೃಷಿ ಜಾಗವನ್ನು ಬೇರೆ ಬಳಕೆಗೆ ಬದಲಿಸಿದ ಸರ್ಕಾರಿ ಪತ್ರ), ಕಟ್ಟಡದ ಆಕ್ಯುಪೆನ್ಸಿ ಸರ್ಟಿಫಿಕೇಟ್ (ವಾಸಕ್ಕೆ ಅನುಮತಿ ಪತ್ರ) ನೋಡದೆ ಟೋಕನ್ ಕೊಡಬೇಡಿ.

ಮನೆ ನೋಡಲು ಜುಲೈನಲ್ಲೇ ಹೋಗಿ. ಪಶ್ಚಿಮದ ಗೋಡೆಗೆ ಅಂಗೈ ಒತ್ತಿ, ವಾರ್ಡ್‌ರೋಬಿನ ಹಿಂಬದಿ ಮೂಸಿ. ತೇವ, ಬೂಸ್ಟು ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಡಿಸೆಂಬರಿನಲ್ಲಿ ಹೊಸ ಪೇಂಟ್ ಎಲ್ಲವನ್ನೂ ಮುಚ್ಚಿರುತ್ತದೆ. ಕಬ್ಬಿಣದ ಗ್ರಿಲ್ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ, ಅದರ ರಿಪೇರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಾರು 12 ತಿಂಗಳಿಗಿಂತ ಹೆಚ್ಚು ಅಲ್ಲಿದ್ದರೆ ಪುಣೆ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಗೋವಾ ನಂಬರ್ ಮಾಡಿಸಬೇಕು, ರಸ್ತೆ ತೆರಿಗೆಯನ್ನೂ ಕಟ್ಟಬೇಕು. ಸಾಧ್ಯವಾದರೆ ಮೊದಲ ಮಳೆಗಾಲ ಬಾಡಿಗೆ ಮನೆಯಲ್ಲೇ ಕಳೆಯಿರಿ.